ಮೂವರು ಪೂಜಾರಿಗಳು, ಒಂದು ಬಟನ್

ಬ್ರೂಸ್‌ಪೇಟೆಯ ದೊಡ್ಡಬಸವರಾಜ ಬಟನ್ ವ್ಯಾಪಾರಿ. ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಪ್ಯಾಂಟು ದೇಶದ ಯಾವ ಮೂಲೆಯಲ್ಲಿ ಯಾರ ಸೊಂಟದ ಮೇಲಿದ್ದರೂ, ಅದು ಜಾರದೆ ನಿಂತಿರುವುದು ತನ್ನ ಅಂಗಡಿಯ ಬಟನ್ನಿನ ಪುಣ್ಯದಿಂದ ಎಂದು ಅವನು ನಂಬಿದ್ದ. ಮೂಟೆಗಟ್ಟಲೆ ಬಟನ್ ಮಾರಿದ ಈ ಮಹಾನುಭಾವನಿಗೆ ತಾನಾಗಿ ಒಂದೇ ಒಂದು ಬಟನ್ ಒತ್ತುವ ಧೈರ್ಯ ಮಾತ್ರ ಇರಲಿಲ್ಲ.

ಹೋಟೆಲಿನಲ್ಲಿ ಇಡ್ಲಿಯೋ ದೋಸೆಯೋ ಎಂದು ಕೇಳಿದರೆ "ನೋಡೋಣ" ಅನ್ನುತ್ತಿದ್ದ. ಸಪ್ಲೈಯರ್ ಬೇರೆ ಟೇಬಲ್ಲುಗಳನ್ನೆಲ್ಲ ಒರೆಸಿ ಮರಳುವಷ್ಟರಲ್ಲಿ ಎರಡೂ ಖಾಲಿಯಾಗಿರುತ್ತಿದ್ದವು. ಉಳಿದ ಉಪ್ಪಿಟ್ಟನ್ನು ತಿಂದು "ನನಗ ಇದ ಬೇಕಾಗಿತ್ತು" ಎಂದು ಏಳುತ್ತಿದ್ದ. ಅಂಗಡಿಯ ಬೋರ್ಡಿಗೆ ನೀಲಿ ಬಣ್ಣವೋ ಹಸಿರೋ ಎಂಬುದು ತೀರ್ಮಾನವಾಗದೆ ಬೋರ್ಡು ಇಂದಿಗೂ ಬರೀ ಬಿಳಿ. ಗಿರಾಕಿಗಳು ಅದನ್ನೇ ಗುರುತು ಹಿಡಿದು "ಖಾಲಿ ಬೋರ್ಡಿನ ಅಂಗಡಿ ಎಲ್ಲೈತ್ರಿ?" ಎಂದು ಕೇಳಿಕೊಂಡು ಬರುತ್ತಿದ್ದರು.

ತನ್ನ ಮಟ್ಟಿಗೆ ಹೀಗಿದ್ದರೆ ಉಪ್ಪಿಟ್ಟು ತಿಂದುಕೊಂಡು ಇರಬಹುದಿತ್ತು. ಆದರೆ ಮನೆಯಲ್ಲಿ ತಂಗಿ ರೇಣುಕಾ ಇದ್ದಳು. ಅವಳಿಗೆ ಬಂದ ಸಂಬಂಧಗಳಿಗೆಲ್ಲ ಬಸವರಾಜ "ನೋಡೋಣ" ಅಂದಿದ್ದ. ಹಾಗೆ ನೋಡಿಸಿಕೊಂಡ ಹುಡುಗರೆಲ್ಲ ಬೇರೆ ಕಡೆ ಮದುವೆಯಾಗಿ, ಈಗ ಮಕ್ಕಳ ಕೈ ಹಿಡಿದುಕೊಂಡು ಇವನ ಅಂಗಡಿಗೇ ಬಟನ್ನಿಗೆ ಬರುತ್ತಿದ್ದರು. ರೇಣುಕಾಳಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಚುಚ್ಚುವುದರಲ್ಲಿ ಅವಳ ಕೈ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ.

"ಅಣ್ಣ, ಸಿರುಗುಪ್ಪದ ಹನುಮೇಶ್ ನನಗ ಒಪ್ಪಿಗಿ. ನಾನು ಅವ್ರಿಗೆ ಒಪ್ಪಿಗಿ. ಐತವಾರ ಅವರಪ್ಪ ಬರ್ತಾರ," ಅಂದಳು. "ಆವತ್ತೊಂದಿನ ನೀನು 'ನೋಡೋಣ' ಅನಬ್ಯಾಡ. ಬೇಕಾದ್ರ ಬಾಯಿತುಂಬ ಎಲಿಅಡಿಕಿ ಹಾಕ್ಕೊಂಡು ಕುಂದ್ರು."

ಹನುಮೇಶನ ಅಪ್ಪ ಉಜ್ಜಿನಪ್ಪನವರು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲರ ಮೇಸ್ತ್ರಿ. ಚೀಲ ನೋಡಿಯೇ ಒಳಗಿನ ಕಲ್ಲು ಎಣಿಸುವ ಮನುಷ್ಯ. ಅವರದು ಒಂದೇ ಮಾತು: "ಹೂಂ ಅನ್ರಿ, ಇಲ್ಲಾ ಉಹೂಂ ಅನ್ರಿ. ನಡುವಿಂದು ನನಗ ತಿಳಿಯಂಗಿಲ್ಲ." ಆ ನಡುವಿನಲ್ಲೇ ಮನೆ ಕಟ್ಟಿಕೊಂಡಿದ್ದ ಬಸವರಾಜನಿಗೆ ಇಂಥವರೇ ಗಂಟು ಬೀಳಬೇಕಿತ್ತು.

ಗಂಡಿನ ಕಡೆಯವರು ಬರುವುದಕ್ಕಿಂತ ಮೊದಲೇ ಗಂಡಾಂತರ ಬಂತು. ಗಂಡಾಂತರದ ಹೆಸರು ಕ್ಲೆರಿಕ್.

ಅದನ್ನು ತಂದವನು ಸಲಾವುದ್ದೀನ್. ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವ ಶೆಡ್ಡು ಅವನದು. ಬಸವರಾಜನ ಹಳೆಯ ಗಿರಾಕಿ, ಅದಕ್ಕಿಂತ ಹಳೆಯ ಗೆಳೆಯ. ಪಕ್ಕದಲ್ಲೇ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ ಹನುಮೇಶನನ್ನು ಈ ಮನೆಗೆ ತೋರಿಸಿದವನೂ ಅವನೇ. ಸಲಾವುದ್ದೀನ್ ಮತ್ತು ಹನುಮೇಶ್ ಸೇರಿ ಫೋನಿನಲ್ಲಿ ಒಂದು ಆಟ ಆಡುತ್ತಿದ್ದರು. ರಾಕ್ಷಸರು, ಗುಹೆಗಳು, ನಿಧಿಗಳ ಆಟ. ಮಧ್ಯಾಹ್ನ ಅರ್ಧ ಶಟರ್ ಇಳಿಸಿದ ಅಂಗಡಿಯಲ್ಲಿ ಬಸವರಾಜನನ್ನೂ ಅದಕ್ಕೆ ಎಳೆದಿದ್ದರು.

"ನೋಡೋ ಬಸಣ್ಣ," ಸಲಾವುದ್ದೀನ್ ತಿಳಿಸಿ ಹೇಳಿದ, "ನಾನು ಮಂತ್ರವಾದಿ, ದೂರ ನಿಂತು ಬೆಂಕಿ ಒಗೀತೀನಿ. ಹನುಮೇಶ್ ಫೈಟರ್, ಮುಂದ ನಿಂತು ಏಟು ತಿಂತಾನ. ಗುಹೆದಾಗ ಕಾಲಿಟ್ಟ ಕೂಡ್ಲೆ ರಾಕ್ಷಸರು ಇವನ್ನ ಮಲಗಿಸಿಬಿಡ್ತಾರ. ಅದಕ್ಕ ಒಬ್ಬ ಕ್ಲೆರಿಕ್ ಬೇಕು. ಕ್ಲೆರಿಕ್ ಅಂದ್ರ ಪೂಜಾರಿ ಇದ್ದಂಗ. ದೇವರನ್ನ ನೆನೆಸಿ ಮಂತ್ರ ಹಾಕಿದ್ನಂದ್ರ ಗಾಯ ಮಾಯ."

"ಇಷ್ಟ ಹೌದಲ್ಲೋ? ಆಗ್ತೀನಿ ತಗೋ."

"ನಿಂದ್ರು. ಅದರಾಗ ಮೂರು ನಮೂನಿ ಅದಾವ. ಒಬ್ಬ ಬರೇ ಕ್ಲೆರಿಕ್. ಮಂತ್ರ ಜೋರು, ಮೈ ಮೆತ್ತಗ. ಇನ್ನೊಬ್ಬ ಕ್ಲೆರಿಕ್ ಮತ್ತ ಫೈಟರ್ ಎರಡೂ. ಪೂಜೀನೂ ಮಾಡ್ತಾನ, ಗದೆ ಹಿಡಿದು ಬಡೀತಾನ. ಆದ್ರ ಕಲಿಯೋದು ಎರಡು ಪಾಲಾಗಿ ಎರಡೂ ನಿಧಾನ ಬೆಳಿತಾವ. ಮೂರನೇದಾವ ಕ್ಲೆರಿಕ್ ಮತ್ತ ಕಳ್ಳ. ಮಂತ್ರಾನೂ ಹಾಕ್ತಾನ, ಬೀಗಾನೂ ಮುರೀತಾನ."

"ನಾಲ್ಕನೇದು ಇಲ್ಲೇನು?" ಬಸವರಾಜ ಆಸೆಯಿಂದ ಕೇಳಿದ.

"ಇಲ್ಲ. ಐತವಾರ ಸಂಜಿ ಗುಹೆದಾಗ ಹೋಗೋದೈತಿ. ಅಷ್ಟರಾಗ ಒಂದು ಒತ್ತು."

ಬಸವರಾಜ ಬೆರಳು ಚಾಚಿದ. ಪರದೆಯ ಕೆಳಗೆ ಕೆಂಪು ಅಕ್ಷರಗಳು ಮೂಡಿದವು: ಒಮ್ಮೆ ಆರಿಸಿದರೆ ಬದಲಿಸಲಾಗುವುದಿಲ್ಲ. ಬೆರಳು ತಾನಾಗಿ ಜೇಬಿಗೆ ಹೋಯಿತು.

"ನೋಡೋಣ," ಅಂದ.

ಹೆಣ್ಣಿನ ಅಣ್ಣನ ಮುಂದೆ ಹನುಮೇಶ್ ಏನು ಅಂದಾನು ಪಾಪ? ತನ್ನ ಫೋನಿನಲ್ಲಿ ಅಂಗಾತ ಬಿದ್ದಿದ್ದ ಫೈಟರನನ್ನು ನೋಡಿ ನಿಟ್ಟುಸಿರು ಬಿಟ್ಟ.

ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಜನರನ್ನು ಕೇಳಿ ಬಗೆಹರಿಸಿಕೊಳ್ಳುತ್ತಿದ್ದರು. ಬಸವರಾಜನಿಗೆ ಆ ದಾರಿಯೂ ಇರಲಿಲ್ಲ. ಕಳೆದ ಆಗಸ್ಟ್ ಹದಿನೈದರಂದು ಓಣಿಯ ಧ್ವಜದ ಕೆಳಗೆ ನಿಂತು, ಬೀಟ್ ಪೊಲೀಸ್ ಜಡೆಪ್ಪನನ್ನು ಮುಖ್ಯ ಅತಿಥಿಯಾಗಿ ಕೂರಿಸಿಕೊಂಡು, ಮೈಕು ನಡುಗುವಂತೆ ಭಾಷಣ ಬಿಗಿದಿದ್ದ: "ಬಾಂಧವರೇ! ಮೊಬೈಲ್ ಎಂಬ ಮಾಯಾಂಗನೆ ನಮ್ಮ ಯುವಜನಾಂಗವನ್ನು ನುಂಗಿ, ನೀರು ಕುಡಿದು, ಡರ್ರೆಂದು ತೇಗುತ್ತಿದ್ದಾಳೆ! ಕೈಯೊಳಗಿನ ಆಟ ಬಿಡಿ, ಬಾಳಿನ ಆಟ ಆಡಿ!" ಜಡೆಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದ್ದ. ಇಂದಿಗೂ ಓಣಿಯ ತಾಯಂದಿರು ಮಕ್ಕಳ ಕೈಯಿಂದ ಫೋನು ಕಿತ್ತುಕೊಳ್ಳುವಾಗ "ಬಟನ್ ಬಸಣ್ಣ ಏನು ಹೇಳ್ಯಾನ?" ಎಂದು ಬೆನ್ನಿಗೊಂದು ಕೊಡುತ್ತಿದ್ದರು. ಆ ಬಾಯಿಂದ ಈಗ "ನಾನು ಯಾವ ಕ್ಲೆರಿಕ್ ಆಗಲಿ?" ಎಂದು ಕೇಳುವುದು ಹೇಗೆ?

ಮನುಷ್ಯರನ್ನು ಕೇಳುವಂತಿಲ್ಲ ಎಂದಾಗ ಉಳಿದದ್ದು ದೇವರು. ಅವನ ಮನೆದೇವರು ಎಲ್ಲಮ್ಮ, ಕುರುಗೋಡಿನ ಒಂದು ಸಣ್ಣ ಗುಡಿಯಲ್ಲಿದ್ದಳು. ಬೋರ್ ಕೊರೆಸುವುದಿರಲಿ, ಸಂಬಂಧ ಕುದುರಿಸುವುದಿರಲಿ, ಅಲ್ಲಿ ಹೂ ಕೇಳುವುದು ವಾಡಿಕೆ. ಅಮ್ಮನ ಎರಡೂ ಹೆಗಲಿಗೆ ಒದ್ದೆ ಕಣಗಲ ಹೂ ಅಂಟಿಸಿ ಪ್ರಶ್ನೆ ಕೇಳಬೇಕು. ಬಲಗಡೆಯದು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಉಹೂಂ. ಬಸವರಾಜ ಬೆಳಗಿನ ಬಸ್ಸಿಗೆ ಹೋಗಿ, ಗುಡಿಯ ಬಾಗಿಲಲ್ಲಿ ಹೂ ಮಾರುವ ಪಾರಮ್ಮನ ಹತ್ತಿರ ಹೂ ಕೊಂಡು, ಅಮ್ಮನ ಮುಂದೆ ಕಣ್ಣು ಮುಚ್ಚಿ ನಿಂತ.

"ಮನಸಿನಾಗ ಕೇಳಿದ್ರ ನಡಿಯಂಗಿಲ್ಲಪ," ಅಂದರು ಪೂಜಾರಿ ಪಾಲಯ್ಯ. ಅವರು ಅವನಿಗೆ ದೂರದ ಮಾವನೂ ಹೌದು. "ಬಾಯಿ ಬಿಟ್ಟು ಕೇಳಬೇಕು. ಇಲ್ಲಿ ಪದ್ಧತಿ ಐತಿ."

ಬಸವರಾಜ ಹಿಂದೆ ಮುಂದೆ ನೋಡಿದ. ಬಾಗಿಲಲ್ಲಿ ಪಾರಮ್ಮ ಹೂ ಕಟ್ಟುವುದನ್ನು ನಿಲ್ಲಿಸಿದ್ದಳು.

"ಅಮ್ಮ, ಮೂರು ಮಂದಿ ಅದಾರ," ಎಂದು ಗಂಟಲು ಸರಿಮಾಡಿಕೊಂಡ. "ಒಬ್ಬ ಬರೇ ಪೂಜಿ ಮಾಡಾವ. ಇನ್ನೊಬ್ಬ ಪೂಜೀನೂ ಮಾಡ್ತಾನ, ಹೊಡೆದಾಟಾನೂ ಮಾಡ್ತಾನ. ಮೂರನೇದಾವ ಪೂಜಾರೀನೂ ಹೌದು, ಕಳ್ಳಾನೂ ಹೌದು. ಯಾರನ್ನ ತಗೊಳ್ಲಿ?"

ಪಾಲಯ್ಯನವರ ಕೈಯ ಗಂಟೆ ನಿಂತಿತು. "ಯಾವ ವಿಷಯಪ ಇದು?"

ಬಸವರಾಜ ಬಾಗಿಲಲ್ಲಿದ್ದ ಪಾರಮ್ಮನ ಕಡೆ ನೋಡಿದ.

"ರೇಣುಕಾನ ಲಗ್ನದ ವಿಷಯ ಏನು?"

ನಿಜ ಹೇಳುವುದಕ್ಕಿಂತ ತಲೆ ಆಡಿಸುವುದು ಸುಲಭ. ಬಸವರಾಜ ಆಡಿಸಿದ.

ಪಾಲಯ್ಯ ಹೂ ಅಂಟಿಸಿದರು. ಬರೇ ಪೂಜಾರಿಯ ಪ್ರಶ್ನೆಗೆ ಅಮ್ಮ ಕದಲಲಿಲ್ಲ. ಹೊಡೆದಾಟದ ಪೂಜಾರಿಗೂ ಕದಲಲಿಲ್ಲ. ಸೆಖೆ ತಡೆಯದೆ ಪಾಲಯ್ಯ ಫ್ಯಾನು ಹಚ್ಚಿ ಬಂದು ಮೂರನೆಯವನ ಹೆಸರೆತ್ತಿದ್ದೇ ತಡ, ಬಲಹೆಗಲ ಹೂ ಪುಸಕ್ಕನೆ ಹಾರಿ ಬಂದು ಬಸವರಾಜನ ಅಂಗೈಯಲ್ಲೇ ಬಿತ್ತು.

"ಅಯ್ಯಯ್ಯ!" ಪಾಲಯ್ಯ ಎದೆ ಹಿಡಿದುಕೊಂಡರು. "ಅಮ್ಮ ಕಳ್ಳನ್ನ ಒಪ್ಪಿಕೊಂಡ್ಳಲ್ಲೋ!"

ಹೂ ಬಿತ್ತಲ್ಲ, ಇನ್ನಾದರೂ ಒತ್ತಿದನೇ? ಇಲ್ಲ. ಅಮ್ಮ ಕೊಟ್ಟ ಹೂವೋ ಫ್ಯಾನು ಕೊಟ್ಟ ಹೂವೋ ಎಂಬ ಹೊಸ ಸಂದೇಹ ಹೊತ್ತುಕೊಂಡು ಬಳ್ಳಾರಿ ಬಸ್ಸು ಹತ್ತಿದ. ಪಾರಮ್ಮ ಎದುರಿನ ಬಸ್ಸು ಹತ್ತಿದಳು. ಅವಳ ಮಗಳು ಸಿರಿಗೇರಿಯಲ್ಲಿದ್ದಳು.

ಬಸವರಾಜ ಎಲ್ಲ ನಮೂನೆಯ ಜಿಪ್ಪು ಮಾರುತ್ತಿದ್ದನಾದರೂ ಪಾರಮ್ಮನ ಬಾಯಿಗೆ ಹೊಂದುವ ಜಿಪ್ಪು ಇನ್ನೂ ತಯಾರಾಗಿರಲಿಲ್ಲ. ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಸುದ್ದಿ, "ಬಟನ್ ಬಸಣ್ಣ ತಂಗಿಗೆ ಮೂರು ಗಂಡು ನೋಡ್ಯಾನ" ಎಂದಿತ್ತು. ಸಿರಿಗೇರಿ ಮುಟ್ಟುವಾಗ "ಮೂರೂ ಮಂದಿ ಗುಡಿ ಕಳ್ರಂತ, ಅದರಾಗ ಛಲೋ ಕಳ್ಳನ್ನ ಆರಿಸ್ಯಾನ" ಎಂದಾಯಿತು. ಅಲ್ಲಿಂದ ಯಾರದೋ ಬೈಕಿನ ಹಿಂದೆ ಕೂತು ಸಿರುಗುಪ್ಪಕ್ಕೆ ಇಳಿಯುವಷ್ಟರಲ್ಲಿ, "ಲಗ್ನ ಗೊತ್ತಾಗೇತಿ. ಮದಿಮಗ ಜೇಲಿನಾಗ ಅದಾನ. ಬೇಲ್ ಸಿಕ್ಕ ದಿನಾನ ಮುಹೂರ್ತ!"

ಸುದ್ದಿ ಬಳ್ಳಾರಿಗೂ ಮುಟ್ಟಿತು. ಮರುದಿನ ಅಂಗಡಿಯ ಮುಂದೆ ಜಡೆಪ್ಪ ಬೈಕು ನಿಲ್ಲಿಸಿದ. ಆಚೀಚೆ ನೋಡಿ, ಕೌಂಟರಿನ ಮೇಲೆ ಬಗ್ಗಿ, ಪಿಸುಗುಟ್ಟಿದ:

"ಬಸಣ್ಣ, ನಿಮ್ಮ ಅಳಿಯಾಗಾವ ಎಲ್ಲಿ ಸಿಗ್ತಾನ?"

"ಯಾರ್ರೀ ಸಾಹೇಬ್ರ?"

"ಅವನ ರೀ, ಪೂಜಾರಿ-ಕಮ್-ಕಳ್ಳ. ನಮ್ಮ ಠಾಣಾದಾಗ ಹುಂಡಿ ಒಡೆದ ಕೇಸೊಂದು ಕೊಳೀತಾ ಬಿದ್ದೈತಿ. ನೀವೇನು ಗಾಬರಿ ಆಗಬ್ಯಾಡ್ರಿ. ಲಗ್ನ ಆಗೋಮಟ ಕಾಯ್ತೀವಿ. ಮಂಟಪದಾಗ ಹಿಡಿದ್ರ ಫೋಟೋ ಛಲೋ ಬರ್ತೈತಿ."

"ಅಂಥಾವ ಯಾರೂ ಇಲ್ರಿ!"

"ಎಲ್ಲಮ್ಮನ ಹೂ ಕೊಟ್ಟಾಳಂತ, ನೀವು ಇಲ್ಲ ಅಂತೀರಿ?" ಜಡೆಪ್ಪನ ದನಿಯಲ್ಲಿ ನೋವಿತ್ತು. "ಆಗಸ್ಟ್ ಹದಿನೈದಕ್ಕ ಎಂಥಾ ಭಾಷಣ ಮಾಡಿದ್ರಿ! ನನ್ನ ಮಗನ ಫೋನು ಆವತ್ತಿಂದ ಬೀರುನಾಗ ಇಟ್ಟೀನಿ. ಅಂಥಾವ್ರು ನೀವು ಸುಳ್ಳು ಹೇಳಬಾರದ್ರಿ."

ಬೀರುವಿನೊಳಗಿನ ಆ ಫೋನು ನೆನೆದು ಬಸವರಾಜ ಬಟನ್ ಡಬ್ಬಿ ಎಳೆದುಕೊಂಡು ಎಣಿಸತೊಡಗಿದ. "ನೋಡೋಣ್ರಿ," ಅಂದ. ಜಡೆಪ್ಪ ಅದನ್ನು ಒಪ್ಪಿಗೆ ಎಂದೇ ತಿಳಿದು ಸೆಲ್ಯೂಟ್ ಹೊಡೆದು ಹೋದ.

ಭಾನುವಾರ ಬಂತು. ಹೆಂಡತಿ ಪಂಪಾವತಿ ಬೆಳಗಿನಿಂದ ಒಲೆ ಮುಂದೆ ನಿಂತು ವಗ್ಗರಣೆ ಮಂಡಕ್ಕಿ ಮಾಡಿ, ಬಿಸಿಬಿಸಿ ಮಿರ್ಚಿ ಕರಿದಿದ್ದಳು. ಉಜ್ಜಿನಪ್ಪನವರು ಮಗನೊಂದಿಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಚಪ್ಪಲಿಯನ್ನು ಬಾಗಿಲ ಕಡೆಗೇ ಮುಖ ಮಾಡಿ ಬಿಟ್ಟಿದ್ದರು. ಮುಂದಿಟ್ಟ ತಟ್ಟೆಯನ್ನು ಮುಟ್ಟಲಿಲ್ಲ. ಹೆಣ್ಣಿನ ಮನೆಯಲ್ಲಿ ಗಂಡಿನ ಅಪ್ಪ ತಟ್ಟೆ ಮುಟ್ಟದಿದ್ದರೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹುಡುಗಿಯನ್ನು ಕಳ್ಳನಿಂದ ಕಾಪಾಡಲು ಕುರುಗೋಡಿನಿಂದ ಪಾಲಯ್ಯ ಬಂದಿದ್ದರು. ಕಳ್ಳನನ್ನು ಹಿಡಿಯಲು ಜಡೆಪ್ಪ ಮಫ್ತಿಯಲ್ಲಿ ಬಂದು, ತಾನು ಪೊಲೀಸಲ್ಲ ಎಂದು ತೋರಿಸಲು ಹೊಸ್ತಿಲ ಬಳಿ ಅಟೆನ್ಷನ್ ನಿಂತಿದ್ದ.

"ನಾನು ಹೆಣ್ಣು ನೋಡಾಕ ಬಂದಿಲ್ಲ," ಉಜ್ಜಿನಪ್ಪ ಶುರು ಮಾಡಿದರು. "ಒಂದ ಮಾತು ಕೇಳಿ ಹೋಗಾಕ ಬಂದೀನಿ. ನನ್ನ ಮಗನ್ನ ಬಿಟ್ಟು ಇನ್ನ ಮೂರು ಮಂದಿ ಅದಾರೋ ಇಲ್ಲೋ? ಹೂಂ ಅನ್ರಿ, ಇಲ್ಲಾ ಉಹೂಂ ಅನ್ರಿ."

ಆ ಕೋಣೆಯಲ್ಲಿ ನಿಜ ಗೊತ್ತಿದ್ದವರು ಇಬ್ಬರೇ: ಬಸವರಾಜ ಮತ್ತು ಹನುಮೇಶ್. ಹನುಮೇಶ್ ಅಪ್ಪನಿಗೆ ದಿನವೆಲ್ಲ ಮೋಟಾರು ಸುತ್ತುತ್ತೇನೆಂದು ಹೇಳಿದ್ದ, ಸುತ್ತುತ್ತಿದ್ದುದು ಗುಹೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಮೂರು ಮಂದಿ... ಅದಾರ್ರಿ," ಅಂದ ಬಸವರಾಜ. "ಅಂದ್ರ... ಹಂಗ ನೋಡಿದ್ರ ಇಲ್ರಿ."

"ಅಪ್ಪ, ಅವರು ಅಂಥಾ ಮೂರು ಮಂದಿ ಅಲ್ಲ," ಹನುಮೇಶ್ ತೊದಲಿದ.

"ನಿನಗ ಹೆಂಗ ಗೊತ್ತಲೇ?"

"ನನಗೂ ಪರಿಚಯ ಐತಿ."

"ಕಳ್ಳಂದು?"

"ಮೂವರ್ದೂ."

ಹೊಸ್ತಿಲ ಬಳಿ ಜಡೆಪ್ಪ ಒಂದು ಹೆಜ್ಜೆ ಮುಂದೆ ಬಂದ. ಉಜ್ಜಿನಪ್ಪ ಟವಲು ಕೊಡವಿ ಎದ್ದರು. "ನಡಿಯಲೇ. ಇದು ಹೂಂನೂ ಅಲ್ಲ, ಉಹೂಂನೂ ಅಲ್ಲ. ಇದು ಬ್ಯಾರೇನ ಐತಿ." ಚಪ್ಪಲಿಯ ಕಡೆ ನಡೆದರು. ತಟ್ಟೆಯಲ್ಲಿ ಮಿರ್ಚಿ ತಣ್ಣಗಾಗುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ರೇಣುಕಾ ನಿಂತಿದ್ದಳು. ಹೊಸ ಸೀರೆ. ಕೈಯಲ್ಲಿ ನೀರಿನ ತಂಬಿಗೆ. ಅವಳು ಅಣ್ಣನನ್ನು ಚುಚ್ಚಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

"ಅಣ್ಣ," ಎಂದಳು ಅಷ್ಟೇ. "ಈ ಸಲಾನೂ ಹಿಂಗೇನು?"

ಬಸವರಾಜ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತ. ಅಂಗಿಯ ಜೇಬಿನಿಂದ ಫೋನು ತೆಗೆದು ಆರತಿಯ ತಟ್ಟೆಯಂತೆ ಉಜ್ಜಿನಪ್ಪನವರ ಮುಖದ ಮುಂದೆ ಹಿಡಿದ.

"ಆ ಮೂವರೂ ಇದರಾಗ ಅದಾರ್ರಿ."

"ಫೋಟೋನೇನು?"

"ಅಲ್ರಿ. ಆಟ. ಫೋನಿನಾಗಿನ ಆಟ. ಯಾವ ಪೂಜಾರಿ ಆಗಬೇಕಂತ ತಿಳೀದ ಹೂ ಕೇಳಾಕ ಹೋಗಿದ್ನಿ. ಪಾಲಯ್ಯ ಮಾವ 'ರೇಣುಕಾನ ಲಗ್ನದ ವಿಷಯೇನು' ಅಂದ್ರು. ಹೂಂ ಅಂದ್ಬಿಟ್ಟೆ."

ಪಂಪಾವತಿ ಒಲೆ ಬಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದಳು.

"ಅಂದ್ರ ದಿನಾ ಮಧ್ಯಾಹ್ನ ಶಟರ್ ಇಳಿಸಿ ಸ್ಟಾಕ್ ನೋಡ್ತೀನಿ ಅಂತಿದ್ರಲ್ಲ?" ಪಂಪಾವತಿ ಸೆರಗು ಬಿಗಿದಳು.

"ಅದರಾಗೂ ಸ್ಟಾಕ್ ಇರ್ತಾವ ಪಂಪಾ. ಗದೆ, ಗುರಾಣಿ, ಕಷಾಯ..."

"ನನ್ನ ಮಗನ ಫೋನು!" ಜಡೆಪ್ಪ ಅಳುವುದೊಂದು ಬಾಕಿ. "ಬೀರುನಾಗ ಐತ್ರಿ!"

ಉಜ್ಜಿನಪ್ಪ ಮಗನ ಕಡೆ ತಿರುಗಿದರು. "ನಿನಗೂ ಪರಿಚಯ ಐತಿ ಅಂದೆ."

"ಹೂಂನಪ್ಪ," ಹನುಮೇಶ್ ತಲೆ ತಗ್ಗಿಸಿದ. "ಮುಂದ ನಿಂತು ಹೊಡೆದಾಡೋ ಫೈಟರ್ ನಾನ. ಗುಹೆದಾಗ ಹೋದಾಗೊಮ್ಮೆ ಸಾಯ್ತೀನಿ."

"ಯಾಕ ಸಾಯ್ತಿ?"

"ಗಾಯಕ್ಕ ಮಂತ್ರ ಹಾಕೋ ಪೂಜಾರಿ ಇಲ್ಲ. ಆ ಪೂಜಾರಿ ಇವರ ಆಗಬೇಕು. ಇವರು ಇನ್ನಾ 'ನೋಡೋಣ' ಅನ್ನಾಕತ್ಯಾರ."

ಉಜ್ಜಿನಪ್ಪನವರ ಮುಖ ಕೆಂಪಾಯಿತು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಸಿಡಿದದ್ದು ಮಾತ್ರ ಯಾರೂ ಎಣಿಸದ ದಿಕ್ಕಿಗೆ.

"ಏನ್ರೀ ನೀವು!" ಎಂದು ಬಸವರಾಜನ ಮೇಲೆ ಗುಡುಗಿದರು. "ನನ್ನ ಮಗ ಅಲ್ಲಿ ಸಾಯಾಕತ್ಯಾನ, ನೀವು ಹೂ ಕೇಳಾಕ ಹೋಗಿದ್ರಿ? ಬರ್ರಿ ಇಲ್ಲಿ. ಆ ಮೂವರು ಯಾರ್ಯಾರು ಹೇಳ್ರಿ. ಇವತ್ತು ಬಗೀಹರಿಸೇ ಹೋಗ್ತೀನಿ." ಮತ್ತೆ ಬಂದು ಕೂತರು, ಈ ಸಲ ಕುರ್ಚಿಯ ತುಂಬ.

ಆಮೇಲೆ ಆ ಮನೆಯಲ್ಲಿ ನಡೆದ ಚರ್ಚೆಯಷ್ಟು ಗಂಭೀರವಾದದ್ದು ಯಾವ ಗಂಡಿನ ಬಗ್ಗೆಯೂ ಬಳ್ಳಾರಿಯಲ್ಲಿ ನಡೆದಿರಲಾರದು.

"ಹೊಡೆದಾಡೋ ಪೂಜಾರೀನ ತಗೋರಿ," ಅಂದರು ಪಾಲಯ್ಯ. "ಅಮಾಸಿ ದಿನ ಗುಡಿಯಾಗ ಸಾಲು ಹಚ್ಚಾಕ ನಾನೇನು ಮಂತ್ರ ಹಾಕ್ತೀನಂತ ಮಾಡೀರೇನು? ಭುಜ ಕೊಟ್ಟು ದಬ್ತೀನಿ. ಗದೆ ಇದ್ದಿದ್ರ ಇನ್ನಾ ಛಲೋ ಆಗ್ತಿತ್ತು."

"ಆಗಂಗಿಲ್ಲ," ಉಜ್ಜಿನಪ್ಪ ತಲೆ ಕೊಡವಿದರು. "ನಮ್ಮ ಗಿರಣ್ಯಾಗ ಒಬ್ಬಾವ ಮೂಟಿ ಹೊರ್ತೀನಿ, ಲೆಕ್ಕಾನೂ ಬರೀತೀನಿ ಅಂದ. ಹೊರುವಾಗ ಲೆಕ್ಕ ಮರೀತಿದ್ದ, ಬರಿಯುವಾಗ ಮೂಟಿ ಒಗೀತಿದ್ದ."

"ನನ್ನ ಕೇಳಿದ್ರ ಕಳ್ಳ ಪೂಜಾರೀನ ಸರಿ," ಪಂಪಾವತಿಯ ದನಿ ಒಳಗಿನಿಂದ ಬಂತು. "ದೇವ್ರ ಮುಂದ ಕೈ ಮುಗಿದು ನಿಂತಿರ್ತಾರ, ನಾನು ದೀಪ ಹಚ್ಚಿ ತಿರುಗೋದ್ರಾಗ ನೈವೇದ್ಯದ ಹೋಳಿಗಿ ಅರ್ಧ ಮಾಯ. ಇವ್ರಿಗೆ ಹೊಸದಾಗಿ ಕಲಿಯೋದೇನೂ ಇಲ್ಲ."

"ಕಳ್ಳನ್ನ ಆರಿಸಿದ್ರ ನಾನು ಸುಮ್ಮನಿರಂಗಿಲ್ರಿ," ಜಡೆಪ್ಪ ಕಾನೂನಿನ ಕಡೆಯಿಂದ ಎಚ್ಚರಿಸಿದ.

"ಆದ್ರ ಅಮ್ಮ ಹೂ ಕೊಟ್ಟಾಳಲ್ಲ?" ಪಾಲಯ್ಯ ಚಡಪಡಿಸಿದರು.

"ಮಾವ, ಫ್ಯಾನು ಹಚ್ಚಿದ್ರಿ," ಬಸವರಾಜ ಮೆಲ್ಲಗೆ ಅಂದ.

"ಅಮ್ಮಗೂ ಸೆಖಿ ಆಗಂಗಿಲ್ಲೇನಪ?"

ರೇಣುಕಾ ತಂಬಿಗೆ ಕೆಳಗಿಟ್ಟು ಬಂದು ಅಣ್ಣನ ಕೈಯಿಂದ ಫೋನು ತೆಗೆದುಕೊಂಡಳು. ಮೂರೂ ಚಿತ್ರಗಳನ್ನು ರಕ್ತದ ಮೂರು ಶೀಶೆಗಳನ್ನು ನೋಡುವಂತೆ ನೋಡಿದಳು.

"ಬರೇ ಪೂಜಾರಿ," ಅಂದಳು.

"ಯಾಕವ್ವ?" ಉಜ್ಜಿನಪ್ಪನವರೇ ಕೇಳಿದರು.

"ಅಣ್ಣಗ ಒಂದ ಕೆಲಸ ಕೊಡಬೇಕ್ರಿ ಮಾವ. ಎರಡು ಕೊಟ್ರ, ಯಾವುದು ಮದಲು ಮಾಡ್ಲಿ ಅಂತ ಕುಂದರ್ತಾನ. ಅಷ್ಟರಾಗ ನಿಮ್ಮ ಮಗ ಸತ್ತಿರ್ತಾರ."

ಒತ್ತಿಬಿಟ್ಟಳು. ಕೆಂಪು ಅಕ್ಷರ ಮಾಯವಾಗಿ, ಬಿಳಿ ನಿಲುವಂಗಿಯ ಪೂಜಾರಿಯೊಬ್ಬ ಪರದೆಯ ಮೇಲೆ ಎದ್ದು ನಿಂತ. ಬಸವರಾಜ ಉಸಿರು ಬಿಟ್ಟ. ಅವನ ಜೀವನದ ತೀರ್ಮಾನಗಳೆಲ್ಲ ಇಷ್ಟು ಸುಲಭವಾಗಿದ್ದರೆ ಅಂಗಡಿಯ ಬೋರ್ಡಿಗೆ ಬಣ್ಣ ಬರುತ್ತಿತ್ತು.

ಉಜ್ಜಿನಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಆಡ್ರಿ ನೋಡ್ತೀನಿ," ಅಂದರು. ಸಂಜೆಯವರೆಗೆ ಕಾಯುವ ಮಾತೇ ಇರಲಿಲ್ಲ. ಸಲಾವುದ್ದೀನನಿಗೆ ಫೋನು ಹೋಯಿತು. ಅವನ ದನಿ ಕೌಲ್ ಬಜಾರಿನಿಂದ ಸ್ಪೀಕರಿನಲ್ಲಿ ಬಂತು: "ಯಾ ಅಲ್ಲಾ, ಬಸಣ್ಣ ಒತ್ತಿದ್ನೇನು? ನಂಬಂಗಿಲ್ಲ ನಾನು!"

ಮೂವರೂ ಗುಹೆ ಹೊಕ್ಕರು. ಹನುಮೇಶನ ಭುಜದ ಮೇಲಿಂದ ಉ‌ಜ್ಜಿನಪ್ಪ, ಬಸವರಾಜನ ಭುಜದ ಮೇಲಿಂದ ಪಾಲಯ್ಯ, ಇಬ್ಬರ ನಡುವಿನಿಂದ ಜಡೆಪ್ಪ ಬಗ್ಗಿ ನೋಡುತ್ತಿದ್ದರು. ಕತ್ತಲಿನಿಂದ ರಾಕ್ಷಸರು ನುಗ್ಗಿದರು. ಹನುಮೇಶ್ ಮುಂದೆ ನಿಂತ, ಏಟು ತಿಂದ, ಮತ್ತೊಂದು ತಿಂದ. ಅವನ ತಲೆಯ ಮೇಲಿನ ಹಸಿರು ಗೆರೆ ಹಳದಿಯಾಯಿತು, ಕೆಂಪಾಯಿತು. ಅತ್ತ ಸಲಾವುದ್ದೀನನ ಗೆರೆಯೂ ಕೆಂಪಗಾಗತೊಡಗಿತು.

"ಬಸಣ್ಣ, ನನಗ ಹಾಕೋ!" ಸ್ಪೀಕರ್ ಕೂಗಿತು.

"ಅಣ್ಣ, ನನಗ್ರಿ!" ಹನುಮೇಶ್ ಕೂಗಿದ.

ಕೆಲಸ ಒಂದೇ, ಸಾಯುವವರು ಇಬ್ಬರು! ಬಸವರಾಜನ ಬೆರಳು ಗಾಳಿಯಲ್ಲೇ ನಿಂತಿತು. ಕಣ್ಣು ತಾನಾಗಿ ಪಾಲಯ್ಯನವರ ಕಡೆ ಹೊರಳಿತು. ರೇಣುಕಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಬೀಗರ!" ಉಜ್ಜಿನಪ್ಪ ಮನೆ ಹಾರಿಹೋಗುವಂತೆ ಗರ್ಜಿಸಿದರು. "ಯಾಕ ಸುಮ್ಮಕ ನಿಂತೀರಿ? ನನ್ನ ಮಗ ಸಾಯಾಕತ್ಯಾನ! ಮಂತ್ರ ಹಾಕ್ರಿ ಬೀಗರ!"

'ಬೀಗರ' ಅಂದದ್ದು ಮೊದಲು ಕೇಳಿಸಿದ್ದು ರೇಣುಕಾಳಿಗೆ. ಆಮೇಲೆ ಪಂಪಾವತಿಗೆ. ಬಸವರಾಜನಿಗೆ ಕೇಳಿಸುವಷ್ಟರಲ್ಲಿ ಅವನ ಬೆರಳು, ಯಾರನ್ನೂ ಕೇಳದೆ, ಹನುಮೇಶನ ಮೇಲೆ ಒತ್ತಿಯಾಗಿತ್ತು. ಗುಹೆಯ ತುಂಬ ಬೆಳಕು ಚೆಲ್ಲಿತು. ಫೈಟರ್ ಎದ್ದು ನಿಂತು ಕತ್ತಿ ಬೀಸಿದ.

"ಹೊಡಿಯಲೇ!" ಎಂದು ಜಡೆಪ್ಪ ಕಾನೂನು ಮರೆತು ಕುಣಿದ. ಸ್ಪೀಕರಿನಲ್ಲಿ ಸಲಾವುದ್ದೀನ್ ಸತ್ತಿದ್ದ. ಆದರೂ ಬೈಯುವುದನ್ನು ನಿಲ್ಲಿಸಿರಲಿಲ್ಲ. "ಗೆಳೆಯನ್ನ ಸಾಯಿಸಿ ಬೀಗತನ ಮಾಡ್ಕೊಂಡೆಲ್ಲೋ ಬಸಣ್ಣ! ಹೋಗ್ಲಿ, ಬಾಯಿ ಸಿಹಿಗೆ ಸಕ್ರಿನಾರ ಕಳಿಸು!"

ಉಜ್ಜಿನಪ್ಪ ಕುರ್ಚಿಗೆ ಒರಗಿ ಮುಖ ಒರೆಸಿಕೊಂಡರು. ಕೈ ತಾನಾಗಿ ತಟ್ಟೆಗೆ ಹೋಯಿತು. ಮಿರ್ಚಿ ಮುರಿದು ಬಾಯಿಗಿಟ್ಟು, ಹುಬ್ಬು ಗಂಟಿಕ್ಕಿದರು.

"ತಣ್ಣಗಾಗ್ಯಾವ. ಬಿಸೀವು ಅದಾವೇನು ಬೀಗರ? ಹೂಂ ಅನ್ರಿ, ಇಲ್ಲಾ ಉಹೂಂ ಅನ್ರಿ."

ಬಸವರಾಜ ಅಭ್ಯಾಸಬಲದಿಂದ "ನೋ..." ಎಂದು ಬಾಯಿ ತೆರೆದ.

"ಹೂಂ!" ಅಂದರು ರೇಣುಕಾ, ಪಂಪಾವತಿ, ಹನುಮೇಶ್, ಪಾಲಯ್ಯ, ಜಡೆಪ್ಪ, ಮತ್ತು ಗುಹೆಯಲ್ಲಿ ಸತ್ತು ಬಿದ್ದಿದ್ದ ಸಲಾವುದ್ದೀನ್.